ಮನೆಯ ಓವನ್‌ನಲ್ಲಿ ಪೋರ್ಕ್ ರಿಬ್ಸ್: ಉರಿ ಸಣ್ಣದು, ಹೊತ್ತು ದೊಡ್ಡದು

ಹಂದಿಯ ಪಕ್ಕೆಲುಬಿನ ಮಾಂಸ ಅವಸರಕ್ಕೆ ಬಗ್ಗುವುದಿಲ್ಲ. ಎಲುಬುಗಳ ನಡುವಿನ ಸ್ನಾಯುಗಳು ಪ್ರಾಣಿ ಉಸಿರೆಳೆದು ಬಿಟ್ಟಷ್ಟು ಸಲವೂ ದುಡಿದು ಗಟ್ಟಿಗೊಂಡಿರುತ್ತವೆ. ಅವು ಎಲುಬಿಗೆ ಅಂಟಿಕೊಂಡ ಕಡೆಗಳಲ್ಲೆಲ್ಲ ಕೊಲಾಜೆನ್ ಎಂಬ ನಾರಿನ ಪ್ರೋಟೀನು ದಟ್ಟವಾಗಿರುತ್ತದೆ. ಓವನ್ನನ್ನು 220 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಮುಕ್ಕಾಲು ಗಂಟೆಯಲ್ಲಿ ತೆಗೆದರೆ ಮಾಂಸ ಬೆಂದಿರುತ್ತದೆ, ಆದರೆ ಎಷ್ಟು ಜಗಿದರೂ ಮುಗಿಯುವುದಿಲ್ಲ. ಅದೇ ಮಾಂಸವನ್ನು 135 ಡಿಗ್ರಿಯಲ್ಲಿ ಮುಚ್ಚಿಟ್ಟು ಎರಡರಿಂದ ಮೂರೂವರೆ ಗಂಟೆ ಬೇಯಿಸಿದರೆ ಕೊಲಾಜೆನ್ ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪು ಆರಿದಾಗ ಹೆಪ್ಪುಗಟ್ಟುವುದೂ ಈ ಜೆಲಟಿನ್‌ನಿಂದಲೇ, ಒಳ್ಳೆಯ ರಿಬ್ಸ್ ತಿಂದ ಮೇಲೆ ಬೆರಳು ತುಟಿ ಅಂಟಂಟಾಗುವುದೂ ಅದರಿಂದಲೇ. ಮಾಂಸದ ಒಳಗಿನ ಶಾಖ 70 ಡಿಗ್ರಿ ದಾಟಿದ ಮೇಲೆ ಈ ಕರಗುವಿಕೆ ಚುರುಕಾಗುತ್ತದೆ, 90ರ ಆಸುಪಾಸಿನಲ್ಲಿ ಕೆಲಹೊತ್ತು ನಿಂತರೆ ಹದ ಕೂಡುತ್ತದೆ. ಮಸಾಲೆ ಯಾವುದು, ಸಾಸ್ ಯಾವುದು ಎಂಬ ಚರ್ಚೆ ಏನಿದ್ದರೂ ಇದಾದ ಮೇಲೆ.

ಪಕ್ಕೆಲುಬಿನಲ್ಲಿ ಮುಖ್ಯವಾಗಿ ಎರಡು ಬಗೆ. ಬೆನ್ನುಮೂಳೆಯ ಪಕ್ಕದಿಂದ ಬರುವ ಗಿಡ್ಡ, ಬಾಗಿದ ಎಲುಬುಗಳ ಪಟ್ಟಿಗೆ ಬೇಬಿ ಬ್ಯಾಕ್ ರಿಬ್ಸ್ ಎನ್ನುತ್ತಾರೆ. ಹೆಸರಿನಲ್ಲಿ ಬೇಬಿ ಇದ್ದರೂ ಅದು ಮರಿಹಂದಿಯದಲ್ಲ. ಎಲುಬು ಗಿಡ್ಡದು ಎಂಬಷ್ಟೇ ಅರ್ಥ. ಇದರಲ್ಲಿ ಕೊಬ್ಬು ಕಡಿಮೆ, ಬೇಯುವುದೂ ಬೇಗ. ಅದರ ಕೆಳಗೆ, ಹೊಟ್ಟೆಯ ಕಡೆಗೆ ಇಳಿಯುವ ಉದ್ದನೆಯ ಚಪ್ಪಟೆ ಎಲುಬುಗಳದು ಸ್ಪೇರ್ ರಿಬ್ಸ್. ಇದರಲ್ಲಿ ಕೊಬ್ಬೂ ನಾರೂ ಹೆಚ್ಚು, ರುಚಿಯೂ ಹೆಚ್ಚು. ಸ್ಪೇರ್ ರಿಬ್ಸ್‌ನ ತುದಿಯ ಮೆದು ಮೂಳೆ, ಎದೆಮೂಳೆಗಳನ್ನು ಕತ್ತರಿಸಿ ಆಯತಾಕಾರಕ್ಕೆ ತಂದ ಪಟ್ಟಿಗೆ ಅಮೆರಿಕದಲ್ಲಿ ಸೇಂಟ್ ಲೂಯಿಸ್ ಕಟ್ ಎಂದು ಹೆಸರು. ಓವನ್ ಅಡುಗೆಗೆ ಇದೇ ಅನುಕೂಲ, ಏಕೆಂದರೆ ಪಟ್ಟಿ ಎಲ್ಲ ಕಡೆಯೂ ಒಂದೇ ದಪ್ಪವಿದ್ದು ಒಂದೇ ಹೊತ್ತಿಗೆ ಬೇಯುತ್ತದೆ. ಮೊದಲ ಸಲ ಮಾಡುವವರಿಗೆ ಬೇಬಿ ಬ್ಯಾಕ್ ಸುಲಭ. ರುಚಿಯ ಲೆಕ್ಕದಲ್ಲಿ ಮಾತ್ರ ಸ್ಪೇರ್ ರಿಬ್ಸ್‌ಗೇ ಮೊದಲ ಸ್ಥಾನ.

ಕೊಡಗು, ಮಂಗಳೂರು, ಬೆಂಗಳೂರಿನ ಪೋರ್ಕ್ ಅಂಗಡಿಗಳಲ್ಲಿ ಹೇಳದೇ ಇದ್ದರೆ ಪಕ್ಕೆಲುಬನ್ನು ಸಾರಿನ ತುಂಡುಗಳಾಗಿ ಕೊಚ್ಚಿಯೇ ಕೊಡುತ್ತಾರೆ. ಪಂದಿ ಕರಿಗೆ ಚರ್ಮ, ಕೊಬ್ಬು, ಮೂಳೆ ಎಲ್ಲ ಸೇರಿದ ಸಣ್ಣ ತುಂಡೇ ಸರಿ, ಓವನ್‌ಗೆ ಅದು ಆಗಿಬರುವುದಿಲ್ಲ. ಕತ್ತಿ ಎತ್ತುವ ಮೊದಲೇ ಚರ್ಮ ತೆಗೆದು ಪಟ್ಟಿಯನ್ನು ಇಡಿಯಾಗಿ ಕೊಡುವಂತೆ ಹೇಳಬೇಕು. ಮಾಂಸ ತಿಳಿಗೆಂಪಾಗಿ, ಕೊಬ್ಬು ಬೆಳ್ಳಗೆ ಗಟ್ಟಿಯಾಗಿ ಇರಬೇಕು. ಮಾಂಸದ ಕಡೆಯಿಂದ ನೋಡಿದಾಗ ಎಲುಬು ಬೋಳಾಗಿ ಹೊಳೆಯುತ್ತಿದ್ದರೆ ಕಟುಕ ಮೇಲಿನ ಮಾಂಸವನ್ನು ಹೆಚ್ಚು ತೆಗೆದಿದ್ದಾನೆ ಎಂದು ತಿಳಿಯಬೇಕು. ಅಂಥ ಪಟ್ಟಿಗೆ ದುಡ್ಡು ಕೊಡುವುದು ದಂಡ. ಮಾಂಸದ ನಡುವೆ ಅಕ್ಕಿಕಾಳಿನಷ್ಟೋ ಅದಕ್ಕಿಂತ ತುಸು ದೊಡ್ಡದೋ ಆದ ಬಿಳಿಯ ನೀರುಗುಳ್ಳೆಗಳು ಕಂಡರೆ ಅದನ್ನು ಮುಟ್ಟಲೇಬಾರದು, ಅವು ಲಾಡಿಹುಳುವಿನ ಮರಿಗಳಿರುವ ಕೋಶಗಳಾಗಿರಬಹುದು. ಫ್ರೀಜರ್ ಪ್ಯಾಕೆಟ್ ತಂದಿದ್ದರೆ ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಬೇಕು. ಒಂದು ಕಿಲೋ ಪಟ್ಟಿ ಕರಗಲು ಸುಮಾರು ಒಂದು ದಿನ ಬೇಕು. ಎಲುಬಿನ ತೂಕವೇ ಸಾಕಷ್ಟಿರುವುದರಿಂದ ಒಬ್ಬರಿಗೆ 400ರಿಂದ 500 ಗ್ರಾಂ ಲೆಕ್ಕ ಹಿಡಿಯುವುದು ವಾಡಿಕೆ.

ಪಟ್ಟಿಯನ್ನು ಬೋರಲು ಹಾಕಿದರೆ ಎಲುಬಿನ ಮೇಲೆ ಬೆಳ್ಳಗೆ ಹೊಳೆಯುವ ತೆಳು ಪೊರೆಯೊಂದು ಉದ್ದಕ್ಕೂ ಹರಡಿರುತ್ತದೆ. ಎದೆಗೂಡಿನ ಒಳಗೋಡೆಯ ಪೊರೆ ಅದು. ಎಷ್ಟು ಬೇಯಿಸಿದರೂ ಕರಗುವುದಿಲ್ಲ, ಒಣಗಿ ಕಾಗದವಾಗಿ ಹಲ್ಲಿಗೆ ಸಿಕ್ಕುತ್ತದೆ, ಉಪ್ಪು ಖಾರ ಒಳಗಿಳಿಯಲೂ ಬಿಡುವುದಿಲ್ಲ. ಪಟ್ಟಿಯ ಒಂದು ತುದಿಯ ಎರಡನೆಯ ಎಲುಬಿನ ಮೇಲೆ, ಪೊರೆಗೂ ಮೂಳೆಗೂ ನಡುವೆ, ಬೆಣ್ಣೆ ಸವರುವ ಮೊಂಡು ಚಾಕುವನ್ನೋ ಚಮಚದ ಹಿಡಿಯನ್ನೋ ನಿಧಾನಕ್ಕೆ ತೂರಿಸಿ ಮೇಲಕ್ಕೆತ್ತಬೇಕು. ಬೆರಳು ಹೋಗುವಷ್ಟು ಜಾಗವಾದ ಮೇಲೆ ಪೇಪರ್ ಟವೆಲ್‌ನಿಂದ ಅಂಚನ್ನು ಹಿಡಿದು ಎಳೆದರೆ ಸರ್ರನೆ ಒಂದೇ ಹಾಳೆಯಾಗಿ ಕಿತ್ತುಬರುತ್ತದೆ. ಬರಿಗೈಯಲ್ಲಿ ಹಿಡಿದರೆ ಜಾರುತ್ತದೆ. ಹರಿತವಾದ ಚಾಕು ಹಾಕಿದರೆ ಪೊರೆ ಹರಿದು ಚೂರುಚೂರಾಗಿ ಕೀಳಬೇಕಾಗುತ್ತದೆ. ಕೆಲವು ಪ್ಯಾಕೆಟ್ಟುಗಳಲ್ಲಿ ಇದನ್ನು ಮೊದಲೇ ತೆಗೆದಿರುತ್ತಾರೆ. ಆಗ ಎಲುಬುಗಳ ನಡುವಿನ ಮಾಂಸ ಕೈಗೆ ನೇರವಾಗಿ ತಾಗುತ್ತದೆ, ಇನ್ನು ಹುಡುಕುತ್ತ ಕೂರುವುದು ಬೇಡ.

ಉಪ್ಪು ಹಾಕುವುದು ಹಿಂದಿನ ರಾತ್ರಿ ಆದರೆ ಬಹಳ ಒಳ್ಳೆಯದು, ಇಲ್ಲವಾದರೆ ಬೇಯಿಸುವ ಎರಡು ಗಂಟೆ ಮೊದಲಾದರೂ ಆಗಬೇಕು. ಕಿಲೋ ಮಾಂಸಕ್ಕೆ 10 ಗ್ರಾಂ, ಅಂದರೆ ಪುಡಿ ಉಪ್ಪಾದರೆ ಎರಡು ಟೀ ಚಮಚಕ್ಕೆ ತುಸು ಕಡಿಮೆ. ಕೊನೆಯಲ್ಲಿ ಸವರುವ ಸಾಸ್‌ನಲ್ಲೂ ಉಪ್ಪಿರುವುದರಿಂದ ಇಲ್ಲಿ ಕೈ ಹಿಡಿದೇ ಹಾಕಬೇಕು. ಒಣ ಮಸಾಲೆಗೆ ಅಮೆರಿಕದ ಪುಸ್ತಕಗಳು ಪ್ಯಾಪ್ರಿಕಾ ಪುಡಿ ಹೇಳುತ್ತವೆ. ಬಣ್ಣ ಗಾಢ, ಖಾರ ಮೆತ್ತಗೆ ಇರುವ ಬ್ಯಾಡಗಿ ಮೆಣಸಿನಕಾಯಿ ಆ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ. ಒಂದು ಕಿಲೋಗೆ ಬ್ಯಾಡಗಿ ಪುಡಿ ಒಂದು ದೊಡ್ಡ ಚಮಚ, ಹುರಿದು ಪುಡಿ ಮಾಡಿದ ಕೊತ್ತಂಬರಿ ಬೀಜ ಎರಡು ಟೀ ಚಮಚ, ಜೀರಿಗೆ ಮತ್ತು ಕಾಳುಮೆಣಸಿನ ಪುಡಿ ಒಂದೊಂದು ಟೀ ಚಮಚ, ಸಾಸಿವೆ ಪುಡಿ ಅರ್ಧ, ಪುಡಿಬೆಲ್ಲ ಒಂದು ದೊಡ್ಡ ಚಮಚ ಸಾಕು. ಕೊಡಗಿನ ಮನೆಗಳಲ್ಲಿ ಪಂದಿ ಕರಿಗೆಂದು ಕಪ್ಪಗೆ ಹುರಿದು ಮಾಡಿಡುವ ಮಸಾಲೆ ಪುಡಿ ಇದ್ದರೆ, ಮಂಗಳೂರಿನ ಕ್ರೈಸ್ತರ ಮನೆಯ ಬಾಫತ್ ಪುಡಿ ಇದ್ದರೆ, ಮೇಲಿನ ಪಟ್ಟಿಯನ್ನೇ ಬಿಟ್ಟು ಅದನ್ನು ಎರಡು ದೊಡ್ಡ ಚಮಚ ತಿಕ್ಕಬಹುದು. ಹಂದಿಮಾಂಸಕ್ಕೆ ಹೊಂದುವ ಮಸಾಲೆಯನ್ನು ಈ ಎರಡು ಅಡುಗೆಮನೆಗಳು ತಲೆಮಾರುಗಳಿಂದ ಹದಗೊಳಿಸಿಕೊಂಡು ಬಂದಿವೆ. ಹಸಿ ಬೆಳ್ಳುಳ್ಳಿ, ಶುಂಠಿಯ ಪೇಸ್ಟನ್ನು ಮಾತ್ರ ದಪ್ಪಗೆ ಮೆತ್ತಬಾರದು. ಕೊನೆಯ ಉರಿಯಲ್ಲಿ ಅದು ಸೀದು ಕಹಿಯಾಗುತ್ತದೆ.

ಮನೆಗಳಲ್ಲಿ ಹೆಚ್ಚಾಗಿ ಇರುವುದು 25ರಿಂದ 40 ಲೀಟರಿನ ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್). ಅದರಲ್ಲಿ ಇಡೀ ಪಟ್ಟಿ ಹಿಡಿಸುವುದು ಕಷ್ಟ. ಪಟ್ಟಿಯನ್ನು ಮಧ್ಯಕ್ಕೆ, ಎರಡು ಎಲುಬುಗಳ ನಡುವಿನ ಮಾಂಸದಲ್ಲಿ ಕತ್ತರಿಸಿ ಐದಾರು ಎಲುಬಿನ ಎರಡು ತುಂಡು ಮಾಡಿದರೆ ರುಚಿಗೇನೂ ಕೊರತೆಯಾಗುವುದಿಲ್ಲ. ಪುಸ್ತಕದ ಅಳತೆಯನ್ನು ಮನೆಯ ಗುಂಡಿಗೆ ಹೊಂದಿಸುವಾಗ ಎಚ್ಚರ ಬೇಕು. ಅಮೆರಿಕದ ಪಾಕವಿಧಾನಗಳಲ್ಲಿ ಬರುವ 275 ಫ್ಯಾರನ್‌ಹೀಟ್ ಎಂದರೆ 135 ಸೆಲ್ಸಿಯಸ್. ಇದನ್ನು ಗಮನಿಸದೆ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರೆ ಅರ್ಧ ಗಂಟೆಯಲ್ಲಿ ಮಸಾಲೆ ಇದ್ದಿಲಾಗುತ್ತದೆ. ಸಣ್ಣ ಓವನ್ನುಗಳ ಥರ್ಮೋಸ್ಟಾಟ್ ಹೇಳುವ ಶಾಖಕ್ಕೂ ಒಳಗಿನ ನಿಜವಾದ ಶಾಖಕ್ಕೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸವಿರುವುದು ಸಾಮಾನ್ಯ. ಒಳಗಿನ ಜಾಲರಿಗೆ ನೇತುಹಾಕುವ ಓವನ್ ಥರ್ಮಾಮೀಟರ್ ದುಬಾರಿಯದೇನಲ್ಲ, ಬೇಕರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಫ್ಯಾನ್ ಇರುವ ಕನ್ವೆಕ್ಷನ್ ಓವನ್ ಆದರೆ ಹೇಳಿದ ಶಾಖಕ್ಕಿಂತ 15-20 ಡಿಗ್ರಿ ಇಳಿಸಿಕೊಳ್ಳಬೇಕು. ಮೈಕ್ರೋವೇವ್ ಸೇರಿರುವ ಕನ್ವೆಕ್ಷನ್ ಓವನ್‌ನಲ್ಲಿ ಫಾಯಿಲ್ ಬಳಸುವಾಗ ಕನ್ವೆಕ್ಷನ್ ಮೋಡ್ ಮಾತ್ರ ಚಾಲೂ ಇದೆಯೇ ಎಂದು ನೋಡಿಕೊಳ್ಳಲೇಬೇಕು.

ಇನ್ನೆರಡು ಸಣ್ಣ ಸಂಗತಿಗಳು ಅಡುಗೆಯನ್ನು ಅರ್ಧಕ್ಕೆ ನಿಲ್ಲಿಸಬಲ್ಲವು. ಅನೇಕ ಓಟಿಜಿಗಳ ಟೈಮರ್ 60 ಅಥವಾ 90 ನಿಮಿಷಕ್ಕೆ ಮುಗಿದು ಓವನ್ ತಾನಾಗಿ ಆರಿಬಿಡುತ್ತದೆ. ಟಿಂಗ್ ಎಂದಾಗಲೆಲ್ಲ ಮತ್ತೆ ತಿರುಗಿಸಬೇಕು, ಅಥವಾ ಸತತವಾಗಿ ಉರಿಯುವ ಗುರುತು ಇದ್ದರೆ ಅಲ್ಲಿಗೆ ಇಡಬೇಕು. 1500 ವಾಟ್ ಅಥವಾ ಅದಕ್ಕೂ ಮೇಲಿನ ಓವನ್ ಸುಮಾರು ಆರೂವರೆ ಆಂಪಿಯರ್‌ಗೂ ಹೆಚ್ಚು ವಿದ್ಯುತ್ತು ಎಳೆಯುವುದರಿಂದ ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ಮಿಕ್ಸಿ ಹಾಕುವ ಸಣ್ಣ ಪಾಯಿಂಟಿಗೆ ಅಡಾಪ್ಟರ್ ಸಿಕ್ಕಿಸಿ ಮೂರು ಗಂಟೆ ಓಡಿಸುವುದು ಅಪಾಯ. ನಡುವೆ ಕರೆಂಟು ಹೋದರೆ ಬಾಗಿಲು ತೆರೆಯದೆ ಹಾಗೇ ಬಿಡಬೇಕು. ಸುತ್ತಿಟ್ಟ ಮಾಂಸ ಹತ್ತಿಪ್ಪತ್ತು ನಿಮಿಷ ಬಿಸಿ ಕಳೆದುಕೊಳ್ಳುವುದಿಲ್ಲ, ಹೋದ ಹೊತ್ತನ್ನು ಕೊನೆಗೆ ಸೇರಿಸಿಕೊಂಡರಾಯಿತು.

ಓವನ್ನನ್ನು 135 ಡಿಗ್ರಿಯಲ್ಲಿ 15 ನಿಮಿಷ ಕಾಯಿಸಿಡಬೇಕು. ಅಗಲವಾದ ಅಲ್ಯೂಮಿನಿಯಂ ಫಾಯಿಲ್ ಎರಡು ಪದರ ಹಾಸಿ, ಅದರ ಮೇಲೆ ಬೆಣ್ಣೆ ಕಾಗದ, ಅದರ ಮೇಲೆ ಮಾಂಸದ ಕಡೆ ಕೆಳಗಾಗಿ ಪಟ್ಟಿ. ಬೆಣ್ಣೆ ಕಾಗದ ಬಿಡಬಾರದು. ಹುಳಿ, ಉಪ್ಪು ತಾಗಿದ ಕಡೆ ಅಲ್ಯೂಮಿನಿಯಂ ಸವೆದು ತೂತು ಬೀಳುತ್ತದೆ, ಮಾಂಸಕ್ಕೆ ಲೋಹದ ವಾಸನೆ ಹತ್ತುತ್ತದೆ. ನೀರೋ ಸೇಬಿನ ರಸವೋ ಎರಡು ದೊಡ್ಡ ಚಮಚ ಚಿಮುಕಿಸಿ, ಅಂಚುಗಳನ್ನು ಎರಡೆರಡು ಸಲ ಮಡಚಿ, ಆವಿ ಹೊರಬಾರದಂತೆ ಪೊಟ್ಟಣ ಕಟ್ಟಬೇಕು. ಪಾತೋಳಿಗೆ ಅರಿಶಿನ ಎಲೆ ಮಡಚುವ ಕೈಗೆ ಈ ಕೆಲಸ ಹೊಸದೇನಲ್ಲ. ಪೊಟ್ಟಣವನ್ನು ಟ್ರೇಯಲ್ಲಿಟ್ಟು ನಡುವಿನ ಅಥವಾ ಅದಕ್ಕೂ ಕೆಳಗಿನ ಜಾಡಿಗೆ ಸೇರಿಸಬೇಕು. ಓಟಿಜಿಯಲ್ಲಿ ಮೇಲಿನ ಕಂಬಿ ಆಹಾರಕ್ಕೆ ತೀರ ಹತ್ತಿರವಿರುವುದರಿಂದ ಈ ಹಂತದಲ್ಲಿ ಎತ್ತರದ ಜಾಡು ಕೂಡದು.

ಬಿಗಿಯಾಗಿ ಸುತ್ತುವುದಕ್ಕೆ ಬಲವಾದ ಕಾರಣವಿದೆ. ತೆರೆದಿಟ್ಟ ಮಾಂಸದ ಒಳಗಿನ ಶಾಖ 65-75 ಡಿಗ್ರಿಗೆ ಬಂದಾಗ ಮೇಲ್ಮೈಯಿಂದ ಆವಿಯಾಗುವ ನೀರು ಓವನ್ ಕೊಡುವಷ್ಟೇ ಶಾಖವನ್ನು ಕಸಿದುಕೊಂಡು ಹೋಗುತ್ತದೆ. ಬೆವರು ಆರಿದಾಗ ಮೈ ತಣ್ಣಗಾಗುವುದೂ ಹೀಗೆಯೇ. ಶಾಖ ಗಂಟೆಗಟ್ಟಲೆ ಮೇಲೇರದೆ ನಿಲ್ಲುತ್ತದೆ, ಅಷ್ಟರಲ್ಲಿ ಮಾಂಸ ಒಣಗುತ್ತದೆ. ಮುಚ್ಚಿದ ಪೊಟ್ಟಣದಲ್ಲಿ ಆವಿ ಅಲ್ಲೇ ಉಳಿಯುವುದರಿಂದ ಈ ತಡೆಯೇ ಬರುವುದಿಲ್ಲ. ಅಮೆರಿಕದ ಹೊಗೆಗೂಡಿನ ಅಡುಗೆಯವರಲ್ಲಿ ಮೂರು ಗಂಟೆ ತೆರೆದು, ಎರಡು ಗಂಟೆ ಸುತ್ತಿ, ಒಂದು ಗಂಟೆ ಸಾಸ್ ಸವರಿ ಬೇಯಿಸುವ ರೂಢಿಯೊಂದಿದೆ. ಅದು ಇನ್ನೂ ಸಣ್ಣ ಉರಿಗೆ, ದೊಡ್ಡ ಸ್ಪೇರ್ ರಿಬ್ಸ್‌ಗೆ ಹೊಂದಿದ ಲೆಕ್ಕ. ಮನೆಯ ಓವನ್‌ನಲ್ಲಿ ಬೇಬಿ ಬ್ಯಾಕ್‌ಗೆ ಅದನ್ನೇ ಹಿಡಿದರೆ ಮಾಂಸ ಮುದ್ದೆಯಾಗುತ್ತದೆ. 135 ಡಿಗ್ರಿಯಲ್ಲಿ ಬೇಬಿ ಬ್ಯಾಕ್‌ಗೆ ಪೊಟ್ಟಣದೊಳಗೆ ಎರಡರಿಂದ ಎರಡೂಕಾಲು ಗಂಟೆ, ಸ್ಪೇರ್ ರಿಬ್ಸ್‌ಗೆ ಮೂರರಿಂದ ಮೂರೂವರೆ ಗಂಟೆ ಹಿಡಿಯುತ್ತದೆ. ವಯಸ್ಸಾದ ಹಂದಿಯದಾದರೆ ಇನ್ನರ್ಧ ಗಂಟೆ, ಏಕೆಂದರೆ ವಯಸ್ಸಾದಂತೆ ಕೊಲಾಜೆನ್ನಿನ ಹೆಣಿಗೆ ಬಿಗಿಯಾಗುತ್ತದೆ.

ಗಡಿಯಾರ ನೋಡಿ ಹದ ಹೇಳಲಾಗದು. ಪೊಟ್ಟಣದ ಒಂದು ಮೂಲೆಯನ್ನು ಮುಖದಿಂದ ದೂರಕ್ಕೆ ತೆರೆದು, ಆವಿ ಹೋದ ಮೇಲೆ ನೋಡಬೇಕು. ಮಾಂಸ ಹಿಂದೆ ಸರಿದು ಎಲುಬಿನ ತುದಿ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ಹೊರಗೆ ಕಾಣಬೇಕು. ಎರಡು ಎಲುಬಿನ ನಡುವೆ ಟೂತ್‌ಪಿಕ್ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಪಟ್ಟಿಯ ಒಂದು ತುದಿಯನ್ನು ಇಕ್ಕಳದಿಂದ ಎತ್ತಿದಾಗ ಅದು ಬಳುಕಿ, ಮೇಲಿನ ಮಾಂಸ ಸ್ವಲ್ಪ ಬಿರುಕು ಬಿಟ್ಟರೆ ಹದ ಬಂದಂತೆ. ಎತ್ತುತ್ತಿದ್ದಂತೆ ಎರಡು ತುಂಡಾದರೆ ಹದ ಮೀರಿದೆ. ಎಲುಬು ಕೈಯಲ್ಲೇ ಕಳಚಿ ಬರುವುದೇ ಉತ್ತಮ ಅಡುಗೆಯ ಗುರುತು ಎಂದು ಹಲವರು ಹೇಳುತ್ತಾರೆ. ಅಮೆರಿಕದ ಬಾರ್ಬೆಕ್ಯೂ ಸ್ಪರ್ಧೆಗಳ ತೀರ್ಪುಗಾರರು ಮಾತ್ರ ಅದನ್ನು ಅತಿಯಾಗಿ ಬೆಂದದ್ದೆಂದು ಎಣಿಸುತ್ತಾರೆ: ಕಚ್ಚಿದಷ್ಟೇ ಮಾಂಸ ಬರಬೇಕು, ಕಚ್ಚಿದ ಕಡೆ ಹಲ್ಲಿನ ಗುರುತು ನಿಲ್ಲಬೇಕು. ಜಗಿಯುವ ಸುಖವೂ ಊಟದ ಭಾಗವೆನ್ನುವವರಿಗೆ ತೀರ್ಪುಗಾರರ ಮಾತೇ ಸರಿ. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಊಟಕ್ಕಿದ್ದರೆ ಇಪ್ಪತ್ತು ನಿಮಿಷ ಹೆಚ್ಚಿಗೆ ಬೇಯಿಸುವುದರಲ್ಲಿ ತಪ್ಪಿಲ್ಲ.

ಪೊಟ್ಟಣದ ತಳದಲ್ಲಿ ಅರ್ಧ ಕಪ್ಪಿನಷ್ಟು ರಸ ಸೇರಿರುತ್ತದೆ. ಅದನ್ನು ಚೆಲ್ಲುವುದೆಂದರೆ ಅಡುಗೆಯ ಸಾರವನ್ನೇ ಚೆಲ್ಲಿದಂತೆ. ಲೋಟಕ್ಕೆ ಬಗ್ಗಿಸಿ ಐದು ನಿಮಿಷ ಬಿಟ್ಟರೆ ಕೊಬ್ಬು ಮೇಲೆ ನಿಲ್ಲುತ್ತದೆ; ಅದನ್ನು ಚಮಚದಿಂದ ತೆಗೆದು ಉಳಿದ ರಸವನ್ನು ಬಾಣಲೆಗೆ ಹಾಕಬೇಕು. ಜಜ್ಜಿದ ಬೆಳ್ಳುಳ್ಳಿ ನಾಲ್ಕೆಸಳು, ರುಬ್ಬಿದ ಟೊಮ್ಯಾಟೊ ಅರ್ಧ ಕಪ್, ಬೆಲ್ಲ ಮೂರು ದೊಡ್ಡ ಚಮಚ, ಬ್ಯಾಡಗಿ ಪುಡಿ ಒಂದು ಟೀ ಚಮಚ ಸೇರಿಸಿ ಹತ್ತು ಹನ್ನೆರಡು ನಿಮಿಷ ಕುದಿಸಿದರೆ ಸೌಟಿನ ಬೆನ್ನಿಗೆ ಹತ್ತುವಷ್ಟು ಗಟ್ಟಿಯಾಗುತ್ತದೆ. ಹುಳಿಗೆ ಕೊಡಗಿನ ಕಾಚಂಪುಳಿಗಿಂತ ಮಿಗಿಲಾದದ್ದು ಹುಡುಕಿದರೂ ಸಿಗದು. ಪಣಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಬತ್ತಿಸಿದ ಈ ಹುಳಿ ಹಂದಿಮಾಂಸದ ಕೊಬ್ಬನ್ನು ಕತ್ತರಿಸುವ ಬಗೆ ಬೇರೆ. ಎರಡು ಟೀ ಚಮಚ ಸಾಕು, ಅದನ್ನೂ ಒಲೆಯಿಂದ ಇಳಿಸುವ ಮುಂಚೆ ಹಾಕಿ ರುಚಿ ನೋಡಬೇಕು. ಇಲ್ಲದಿದ್ದರೆ ಗಟ್ಟಿ ಹುಣಿಸೆ ರಸ ಎರಡು ದೊಡ್ಡ ಚಮಚ ನಡೆಯುತ್ತದೆ. ಉಪ್ಪನ್ನು ಕೊನೆಗೇ ನೋಡಬೇಕು, ಮಾಂಸದ ರಸದಲ್ಲಿ ಈಗಾಗಲೇ ಸಾಕಷ್ಟಿರುತ್ತದೆ.

ಸಾಸ್ ಸವರುವುದು ಕಟ್ಟಕಡೆಗೆ. ಬೆಲ್ಲ, ಸಕ್ಕರೆ ಮೊದಲೇ ಮೇಲೆ ಬಿದ್ದರೆ ಮಾಂಸ ಮೆದುವಾಗುವ ಮೊದಲೇ ಸೀಯುತ್ತದೆ. ಪೊಟ್ಟಣ ಬಿಚ್ಚಿ, ಪಟ್ಟಿಯನ್ನು ಜಾಲರಿಯ ಮೇಲೆ ಮಾಂಸದ ಕಡೆ ಮೇಲಾಗಿಟ್ಟು, ಕೆಳಗೆ ಟ್ರೇ ಇರಿಸಿ, ಓವನ್ನನ್ನು 200 ಡಿಗ್ರಿಗೆ ಏರಿಸಬೇಕು. ಹತ್ತು ನಿಮಿಷ ಹಾಗೇ ಬಿಟ್ಟು ಮೇಲ್ಮೈ ಒಣಗಿದ ಮೇಲೆ ತೆಳುವಾಗಿ ಒಂದು ಕೈ ಸಾಸ್, ಐದಾರು ನಿಮಿಷದ ನಂತರ ಇನ್ನೊಂದು, ಮತ್ತೆ ಐದಾರು ನಿಮಿಷ. ಗುಳ್ಳೆಯೆದ್ದು, ಅಲ್ಲಲ್ಲಿ ಕಪ್ಪು ಚುಕ್ಕೆ ಮೂಡಿದರೆ ಸಾಕು. ಗ್ರಿಲ್ ಕಂಬಿ ಹೊತ್ತಿಸುವುದಾದರೆ ಎರಡು ಮೂರು ನಿಮಿಷ, ಅದೂ ಕಣ್ಣು ತೆಗೆಯದೆ. ಸಾಸ್ ಬೇಡವೆನ್ನುವವರಿಗೆ ಅಮೆರಿಕದ ಮೆಂಫಿಸ್ ನಗರದ ರೀತಿಯಿದೆ. ಅಲ್ಲಿ ಒಣ ಮಸಾಲೆಯ ರಿಬ್ಸ್ ಪ್ರಸಿದ್ಧ. ಬಡಿಸುವ ಮುಂಚೆ ಮಸಾಲೆ ಪುಡಿಯನ್ನೇ ಇನ್ನೊಮ್ಮೆ ಉದುರಿಸುತ್ತಾರೆ. ಟೊಮ್ಯಾಟೊ, ಕಾಕಂಬಿ ಸೇರಿದ ಗಟ್ಟಿ ಸಾಸ್ ಕಾನ್ಸಾಸ್ ಸಿಟಿಯ ಕಡೆಯದು. ಎರಡೂ ಊರುಗಳಲ್ಲಿ ರಿಬ್ಸ್ ಬೇಯುವುದು ಸೌದೆಯ ಹೊಗೆಯಲ್ಲಿ, ಆ ಹೊಗೆಯನ್ನು ಮನೆಯ ಓವನ್ ಕೊಡಲಾರದು. ಹೊಗೆ ಬೇಕೇ ಬೇಕೆಂದರೆ ಅಗಲ ಪಾತ್ರೆಯಲ್ಲಿ ರಿಬ್ಸ್ ಇಟ್ಟು, ನಡುವೆ ಸಣ್ಣ ಸ್ಟೀಲ್ ಬಟ್ಟಲಲ್ಲಿ ಕೆಂಡವಿಟ್ಟು, ಅದರ ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಬಹುದು. ಇದನ್ನು ಓವನ್ನಿನ ಹೊರಗೆ, ಕಿಟಕಿ ತೆರೆದೇ ಮಾಡಬೇಕು.

ಮೂರು ಗಂಟೆ ಕಾಯಲಾಗದವರು ಪಟ್ಟಿಯನ್ನು ತುಂಡು ಮಾಡಿ, ಒಂದು ಕಪ್ ನೀರಿನಲ್ಲಿ ಕುಕ್ಕರಿನಲ್ಲಿಟ್ಟು, ಒಂದು ಕೂಗಿನ ನಂತರ ಸಣ್ಣ ಉರಿಯಲ್ಲಿ 15-20 ನಿಮಿಷ ಬೇಯಿಸಿ, ಆವಿ ತಾನಾಗಿ ಇಳಿದ ಮೇಲೆ ತೆಗೆದು ಓವನ್‌ನಲ್ಲಿ ಸಾಸ್ ಸವರಿ ಮುಗಿಸುತ್ತಾರೆ. ಮಾಂಸ ಮೆದುವಾಗುತ್ತದೆ, ಆದರೆ ರುಚಿಯ ದೊಡ್ಡ ಪಾಲು ನೀರಿಗಿಳಿದಿರುತ್ತದೆ. ಆ ನೀರನ್ನು ಬತ್ತಿಸಿ ಸಾಸ್‌ಗೇ ಸೇರಿಸಿದರೆ ನಷ್ಟ ಸ್ವಲ್ಪ ತುಂಬುತ್ತದೆ. ವಾರದ ದಿನದ ಊಟಕ್ಕೆ ಇದು ನಡೆಯುತ್ತದೆ. ನೆಂಟರನ್ನು ಕರೆದ ಭಾನುವಾರಕ್ಕೆ ಓವನ್ನೇ ಸರಿ.

ಹಂದಿಮಾಂಸ ಎಂದೊಡನೆ ಹುಳುವಿನ ಭಯ ಏಳುವುದು ಸಹಜ. ಅರೆಬೆಂದ ಮಾಂಸದಿಂದ ಲಾಡಿಹುಳು ಹೊಟ್ಟೆ ಸೇರುವುದು ನಿಜ. ಅಮೆರಿಕದ ಕೃಷಿ ಇಲಾಖೆ 2011ರಿಂದ ಹಂದಿಮಾಂಸದ ಇಡೀ ತುಂಡುಗಳಿಗೆ ಒಳಗೆ 63 ಡಿಗ್ರಿ ಶಾಖ, ನಂತರ ಮೂರು ನಿಮಿಷದ ವಿರಾಮ ಸಾಕೆಂದು ಹೇಳುತ್ತಿದೆ. ಹದವಾಗಿ ಬೆಂದ ರಿಬ್ಸ್ ಅದಕ್ಕಿಂತ 25 ಡಿಗ್ರಿಗೂ ಮೇಲೆ ಹೋಗಿರುತ್ತದೆ. ಎಳೆಯ ಹಂದಿಯ ಎಲುಬಿನ ಬಳಿ ಮಜ್ಜೆಯ ಬಣ್ಣ ಜಿನುಗಿ ಮಾಂಸ ಕೆಂಪಗೆ ಕಂಡರೂ, ಶಾಖ ಮುಟ್ಟಿದ್ದರೆ ಅಂಜಬೇಕಾಗಿಲ್ಲ. ನಿಜವಾದ ಅಪಾಯ ಅಡುಗೆಮನೆಯ ಕಟ್ಟೆಯ ಮೇಲಿರುತ್ತದೆ. ಹಸಿ ಮಾಂಸ ಕತ್ತರಿಸಿದ ಮಣೆ, ಚಾಕುಗಳಲ್ಲೇ ಈರುಳ್ಳಿ ಸೌತೆಕಾಯಿ ಹೆಚ್ಚಬಾರದು. ಪಚಡಿಗೆ ಬೇಕಾದ್ದನ್ನು ಮೊದಲೇ ಹೆಚ್ಚಿಟ್ಟು, ಮಾಂಸದ ಕೆಲಸ ಮುಗಿದೊಡನೆ ಮಣೆಯನ್ನೂ ಕೈಯನ್ನೂ ಸೋಪು ಹಾಕಿ ಬಿಸಿನೀರಲ್ಲಿ ತೊಳೆಯಬೇಕು. ಹಸಿ ಮಾಂಸಕ್ಕೆ ತಾಗಿದ ಬ್ರಷ್ಷಿನಿಂದ ಸಾಸ್ ಸವರಬಾರದು.

ಓವನ್ನಿಂದ ತೆಗೆದ ಪಟ್ಟಿಯನ್ನು ಹತ್ತು ನಿಮಿಷ ಬಿಟ್ಟು, ಎಲುಬಿನ ಕಡೆ ಮೇಲಾಗಿ ಹಾಕಿ ಕತ್ತರಿಸಿದರೆ ಚಾಕು ಎಲ್ಲಿ ಹೋಗಬೇಕೆಂದು ಕಣ್ಣಿಗೆ ಕಾಣುತ್ತದೆ. ಜೊತೆಗೆ ಅಕ್ಕಿರೊಟ್ಟಿ, ಕಡಂಬುಟ್ಟು ಅಥವಾ ಬರೀ ಬ್ರೆಡ್ಡು, ಪಕ್ಕದಲ್ಲಿ ನಿಂಬೆ ಹಿಂಡಿದ ಹಸಿ ಈರುಳ್ಳಿ ಇದ್ದರೆ ಬೇರೇನೂ ಬೇಡ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಮೂರು ನಾಲ್ಕು ದಿನ ಕೆಡುವುದಿಲ್ಲ. ಮತ್ತೆ ಬಿಸಿ ಮಾಡುವಾಗಲೂ ಫಾಯಿಲ್‌ನಲ್ಲಿ ಸುತ್ತಿ 150 ಡಿಗ್ರಿಯಲ್ಲಿ 20-25 ನಿಮಿಷ ಇಟ್ಟು, ಒಳಗಿನವರೆಗೂ ಬಿಸಿ ಹತ್ತಿದೆಯೇ ಎಂದು ನೋಡಿಯೇ ಬಡಿಸಬೇಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಅಂಚಿನ ಮಾಂಸ ಒಣಗಿ ಗಟ್ಟಿಯಾಗುತ್ತದೆ.